ಕೂಡಿಡುವ ಮುಪ್ಪು

ನಮ್ಮ ಸಾಹಿತ್ಯದಲ್ಲಿ ಜಿಪುಣರಿಗೆ ಬರವಿಲ್ಲ. ಗಾದೆಗಳಲ್ಲಿ ಅವರಿದ್ದಾರೆ, ಹರಿಕಥೆಗಳಲ್ಲಿ ಅವರಿದ್ದಾರೆ, ನಾಟಕದ ನಡುವೆ ಜನರನ್ನು ನಗಿಸಲು ಬರುವ ಸಾಹುಕಾರನ ವೇಷದಲ್ಲಿಯೂ ಅವರೇ ಇದ್ದಾರೆ. ಲೋಭಿ, ಕೃಪಣ, ಜುಗ್ಗ, ಕೈಬಿಗಿಯವನು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಹೆಸರುಗಳಿಗೂ ಕೊರತೆಯಿಲ್ಲ. ಒಂದು ಗುಣಕ್ಕೆ ಭಾಷೆಯೊಂದು ಇಷ್ಟು ಹೆಸರುಗಳನ್ನು ಇಟ್ಟಿದೆಯೆಂದರೆ ಆ ಗುಣವನ್ನು ಅದು ಚೆನ್ನಾಗಿ ನೋಡಿದೆಯೆಂದೇ ನಾವು ತಿಳಿಯುತ್ತೇವೆ. ಈಚಿನ ಕೆಲವು ವರ್ಷಗಳಿಂದ ನನಗೆ ಈ ವಿಷಯದಲ್ಲಿ ಸಂಶಯ ಹುಟ್ಟಿದೆ. ಜಿಪುಣನನ್ನು ನೋಡಿ ನಗುವ ಭರದಲ್ಲಿ ಅವನ ಪಕ್ಕದಲ್ಲಿಯೇ ನಿಂತಿದ್ದ ಇನ್ನೊಬ್ಬರನ್ನು ನಾವು ನೋಡದೆ ಬಿಟ್ಟೆವೇನೋ. ಕಣ್ಣಿಗೆ ಬಿದ್ದಾಗಲೂ ಜಿಪುಣನ ಅಂಗಿಯನ್ನೇ ಅವರಿಗೂ ತೊಡಿಸಿ ಮುಂದೆ ನಡೆದೆವೇನೋ ಎನ್ನಿಸುತ್ತದೆ.

ನಾನು ಹೇಳುತ್ತಿರುವುದು ಕೂಡಿಡುವ ವೃದ್ಧರ ವಿಷಯ. ಓದುಗರಲ್ಲಿ ಬಹುಮಂದಿಗೆ ಇಂಥವರೊಬ್ಬರ ಪರಿಚಯ ಇದ್ದೇ ಇರುತ್ತದೆ. ಖಾಲಿ ಡಬ್ಬಿ, ಔಷಧದ ಬಾಟಲಿ, ತೊಳೆದು ಒಣಗಿಸಿದ ಹಾಲಿನ ಪಾಕೀಟು, ಉಂಡೆ ಸುತ್ತಿದ ದಾರ, ಕಡ್ಡಿ ಮುರಿದ ಕೊಡೆ, ಎಂದೋ ಮುಗಿದ ವರುಷಗಳ ಪಂಚಾಂಗ, ಯಾರ ಯಾರದೋ ಲಗ್ನಪತ್ರಿಕೆ. ಮೊದಲು ಅಟ್ಟ ತುಂಬುತ್ತದೆ, ಆಮೇಲೆ ಕೋಣೆ, ಆಮೇಲೆ ಮಂಚ. ಕೊನೆಗೆ ಮನೆಯ ಯಜಮಾನಿಯೇ ತನ್ನ ಮನೆಯಲ್ಲಿ ಮೈ ಓರೆ ಮಾಡಿಕೊಂಡು ನಡೆಯಬೇಕಾಗುತ್ತದೆ. ಜಿಪುಣನಾದರೋ ಬೆಲೆಯುಳ್ಳದ್ದನ್ನು ಕೊಡಲಾರ. ಇವರು ಬೆಲೆಯಿಲ್ಲದ್ದನ್ನು ಬಿಡಲಾರರು. ಕೇಳಿದವರಿಗೆ ನೂರು ರೂಪಾಯಿ ಬಿಚ್ಚಿ ಕೊಟ್ಟಾರು, ಮುರಿದ ಕೊಡೆಯನ್ನು ಮಾತ್ರ ಮುಟ್ಟಗೊಡರು.

ನನ್ನ ದೊಡ್ಡವ್ವನ ಮನೆ ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿದೆ. ಅವಳ ಕೈ ಧಾರಾಳವಾದದ್ದು. ನಮ್ಮ ಬಾಲ್ಯದಲ್ಲಿ ಬೇಸಗೆಯ ಸೂಟಿಗೆ ಹೋದರೆ ಮರಳುವಾಗ ನಾವು ಹೊರಲಾರದಷ್ಟು ಗಂಟು ಕಟ್ಟಿ ಕೊಡುತ್ತಿದ್ದಳು. ದೊಡ್ಡಪ್ಪ ತೀರಿಕೊಂಡು, ಗಂಡುಮಕ್ಕಳು ಒಬ್ಬೊಬ್ಬರಾಗಿ ಹುಬ್ಬಳ್ಳಿ, ಪುಣೆ ಎಂದು ಹೊರಟು ಹೋದ ಮೇಲೆ ಮನೆ ತುಂಬತೊಡಗಿತು. ಮಂದಿ ಹೋದಷ್ಟೂ ಸಾಮಾನು ಬಂದಿತು ಎಂದರೆ ಅತಿಶಯೋಕ್ತಿಯಲ್ಲ. ಏನನ್ನೇ ಎತ್ತಿ ಹೊರಗೆ ಹಾಕಲು ಹೋದರೂ ಅವಳದು ಒಂದೇ ಮಾತು: "ಇರ್ಲಿ ಬಿಡೋ ತಮ್ಮಾ, ಬೇಕಾಗ್ತೈತಿ." ಹಿಂದಿನಿಂದ ನಾವು ನಗುತ್ತಿದ್ದೆವು. ವಯಸ್ಸಾದಂತೆ ಮುದುಕಿಗೆ ಆಸೆ ಹೆಚ್ಚಿತು ಎಂದು ನಾನೇ ಒಮ್ಮೆ ಹೇಳಿದ್ದುಂಟು.

ಹನ್ನೊಂದು ವರ್ಷಗಳ ಹಿಂದೆ ಆ ಮನೆಯಲ್ಲಿ ಒಂದು ಲಗ್ನ ಗೊತ್ತಾಯಿತು. ಅದೇ ಕಾಲಕ್ಕೆ ದೊಡ್ಡವ್ವನ ಕಣ್ಣಿನ ಪೊರೆಯನ್ನೂ ತೆಗೆಸಬೇಕಾಗಿತ್ತು. ಅವಳನ್ನು ನಾಲ್ಕು ದಿನ ಹುಬ್ಬಳ್ಳಿಯಲ್ಲಿ ಇರಿಸಿಕೊಂಡು ಇತ್ತ ನಾವು ಮನೆ ಬರಿದು ಮಾಡಿದೆವು. ಟ್ರ್ಯಾಕ್ಟರಿನ ಟ್ರೇಲರು ಎರಡು ಸಲ ತುಂಬಿ ಹೋಯಿತು. ಸುಡತಕ್ಕದ್ದನ್ನು ಹಿತ್ತಲಲ್ಲಿ ಸುಟ್ಟೆವು. ತಾಮ್ರ, ಹಿತ್ತಾಳೆ ಗುಜರಿಗೆ ಹೋಯಿತು. ಗೋಡೆಗಳಿಗೆ ಸುಣ್ಣ ಹೊಡೆಸಿದೆವು. ಈ ಕೆಲಸದ ಮುಂದಾಳು ನಾನೇ. ಓದಿದವನು, ಧಾರವಾಡದಲ್ಲಿ ಪಾಠ ಹೇಳುವವನು ಎಂದು ಎಲ್ಲರೂ ನನ್ನ ಮಾತು ಕೇಳಿದರು.

ಹೊಸ ಕಣ್ಣಿನಿಂದ ಅವಳು ಮೊದಲು ನೋಡಿದ್ದು ಆ ಬೆಳ್ಳಗಿನ ಪಡಸಾಲೆಯನ್ನು. ಅಳಲಿಲ್ಲ, ಬೈಯಲಿಲ್ಲ. ಒಂದೊಂದೇ ಕೋಣೆ ನೋಡಿ ಬಂದು, "ಅರಿವಿ ಗಂಟ ಎಲ್ಲಿಟ್ಟೀರಿ?" ಎಂದು ಕೇಳಿದಳು. ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಕಟ್ಟಿದ್ದ ಒಂದು ದೊಡ್ಡ ಗಂಟು. ಒಳಗೆ ಬರೀ ಚಿಂದಿ. ಅದು ಸುಟ್ಟವುಗಳಲ್ಲಿ ಮೊದಲನೆಯದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲಗ್ನ ಸಾಂಗವಾಗಿ ನಡೆಯಿತು. ಒಂದು ವರ್ಷ ತುಂಬುವಷ್ಟರಲ್ಲಿ ಮನೆ ಮತ್ತೆ ಮೊದಲಿನಂತೆಯೇ ತುಂಬಿತು. ಹೊಸದಾಗಿ ಬಂದದ್ದು ಒಂದು ಕೀಲಿ ಮಾತ್ರ. "ಕಟ್ಟಿ ಮ್ಯಾಲೆ ಕುಂದರ್ರಿ, ಇಲ್ಲೇ ಚಾ ತರ್ತೀನಿ" ಎಂದು ಅವಳು ಹೊರಗೇ ಕೂರಿಸತೊಡಗಿದಳು. ಐದು ವರ್ಷ ನಾನು ಆ ಮನೆಯ ಹೊಸ್ತಿಲು ದಾಟಲಿಲ್ಲ.

ಕನ್ನಡದ ಮೇಷ್ಟರಿಗೆ ದುಃಖವಾದರೆ ಪುಸ್ತಕದ ಕಪಾಟಿನ ಕಡೆಗೆ ಹೋಗುವುದೇ ಅಭ್ಯಾಸ. ನಾನು ಹುಡುಕಿದೆ. ಜಿಪುಣರು ಬೇಕಾದಷ್ಟು ಸಿಕ್ಕರು, ದೊಡ್ಡವ್ವ ಸಿಗಲಿಲ್ಲ. ಅವಳ ತೀರ ಹತ್ತಿರದ ಬಂಧು ಸಿಕ್ಕಿದ್ದು ರಷ್ಯದಲ್ಲಿ. ಗೊಗೊಲ್ ೧೮೪೨ರಲ್ಲಿ ಪ್ರಕಟಿಸಿದ 'ಸತ್ತ ಆತ್ಮಗಳು' ಎಂಬ ಕೃತಿಯ ಆರನೆಯ ಅಧ್ಯಾಯದಲ್ಲಿ ಪ್ಲ್ಯೂಷ್ಕಿನ್ ಎಂಬ ಜಮೀನುದಾರ ಬರುತ್ತಾನೆ. ಸಾವಿರಕ್ಕೆ ಮಿಕ್ಕಿ ಒಕ್ಕಲುಗಳ ಒಡೆಯ. ಆದರೂ ಬೀದಿಯಲ್ಲಿ ಬಿದ್ದ ಹಳೆಯ ಅಟ್ಟೆ, ಮೊಳೆ, ಗಡಿಗೆಯ ಚೂರು ಎಲ್ಲವನ್ನೂ ಹೆಕ್ಕಿ ತಂದು ಕೋಣೆಯ ಮೂಲೆಯ ರಾಶಿಗೆ ಸೇರಿಸುತ್ತಾನೆ. ಇತ್ತ ಕಣಜದಲ್ಲಿ ಕಾಳು ಕೊಳೆತು ಗೊಬ್ಬರವಾಗಿದೆ. ನೆಲಮನೆಯ ಹಿಟ್ಟು ಕಲ್ಲಾಗಿದೆ. ಓದುಗ ನಗುತ್ತಾನೆ. ನಗುತ್ತಿರುವಾಗಲೇ ಗೊಗೊಲ್ ಹಿಂದಿನ ಕಥೆಯನ್ನು ತೆಗೆಯುತ್ತಾನೆ. ಇದೇ ಮನುಷ್ಯ ಒಂದು ಕಾಲಕ್ಕೆ ಒಳ್ಳೆಯ ಗೃಹಸ್ಥನಾಗಿದ್ದ. ನೆರೆಯವರು ಅವನ ಮನೆಗೆ ಊಟಕ್ಕೂ ಬರುತ್ತಿದ್ದರು, ಸಂಸಾರ ನಡೆಸುವ ಬಗೆ ಕಲಿಯಲಿಕ್ಕೂ ಬರುತ್ತಿದ್ದರು. ಹೆಂಡತಿ ಸತ್ತಳು. ಹಿರಿಯ ಮಗಳು ಒಬ್ಬ ಸೈನ್ಯಾಧಿಕಾರಿಯೊಡನೆ ಓಡಿಹೋದಳು. ಮಗ ಮಾತು ಮೀರಿ ಸೈನ್ಯ ಸೇರಿದ. ಕಿರಿಯ ಮಗಳು ತೀರಿಕೊಂಡಳು. ಒಬ್ಬೊಬ್ಬರು ಹೋದಂತೆ ಒಂದೊಂದು ಕಿಟಕಿ ಮುಚ್ಚಿತು, ರಾಶಿ ಬೆಳೆಯಿತು. ಇಷ್ಟು ಹೇಳಿದ ಮೇಲೆ ಗೊಗೊಲ್ ಮುಪ್ಪಿನ ಕ್ರೌರ್ಯದ ಬಗೆಗೆ ತರುಣರಿಗೆ ಒಂದು ಉಪದೇಶವನ್ನೂ ಕೊಡುತ್ತಾನೆ. ಆ ಉಪದೇಶ ಕಥೆಯಷ್ಟು ಸತ್ಯವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಥೆಗಾರನಾಗಿ ಕಂಡದ್ದನ್ನು ಅವನು ಉಪದೇಶಕನಾಗಿ ಮರೆತುಬಿಟ್ಟಿದ್ದಾನೆ. ಆದರೂ ಆ ಎರಡು ಪುಟಗಳ ಹಿನ್ನೆಲೆಗೆ ಸರಿಯಾದದ್ದು ನಮ್ಮ ಯಾವ ಜಿಪುಣನ ಕಥೆಯಲ್ಲಿಯೂ ನನಗೆ ಸಿಗಲಿಲ್ಲ. ರಷ್ಯದಲ್ಲಿ ಈಗ ಈ ಸ್ಥಿತಿಗೆ ಪ್ಲ್ಯೂಷ್ಕಿನನ ಹೆಸರನ್ನೇ ಇಟ್ಟು ಮಾತನಾಡುವವರಿದ್ದಾರೆ.

ಬಿದ್ದದ್ದನ್ನು ಆಯ್ದು ತರುವವರು ನಮ್ಮಲ್ಲಿಯೂ ಇದ್ದರು. ಅಂಥವರನ್ನು ನಾವು ಶರಣರೆಂದು ಕೈಮುಗಿದೆವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಹೆಕ್ಕುವುದೇ ಮಾರಯ್ಯನ ಕಾಯಕ. ಅದರಿಂದಲೇ ಗಂಡ ಹೆಂಡಿರಿಬ್ಬರಿಗೂ 'ಆಯ್ದಕ್ಕಿ' ಎಂಬ ಹೆಸರು ನಿಂತಿತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಪ್ರಶ್ನೆ ಮಾಡಿದಳು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ಅಪರಿಗ್ರಹಕ್ಕೆ ಉದಾಹರಣೆಯೆಂದು ನಾನು ಹದಿನೈದು ವರ್ಷ ಪಾಠ ಹೇಳಿದ್ದೇನೆ. ಹೇಳದೆ ಬಿಟ್ಟ ಒಂದು ಸಂಗತಿ ಈಗ ಕಾಣುತ್ತಿದೆ. ಗಂಡ ಮಲಗಿದಾಗ ಲಕ್ಕಮ್ಮ ಅಕ್ಕಿಯನ್ನು ತಾನೇ ಒಯ್ದು ಚೆಲ್ಲಿ ಬರಲಿಲ್ಲ. ಕೇಳಿದಳು; ತಂದವನ ಕೈಯಿಂದಲೇ ಮರಳಿ ಹಾಕಿಸಿದಳು. ಮಾರಯ್ಯನಿಗೂ ಪ್ಲ್ಯೂಷ್ಕಿನನಿಗೂ ಹೆಕ್ಕುವ ಕೈ ಒಂದೇ. ಒಬ್ಬನ ಮನೆಯಲ್ಲಿ ಇದೇಕೆ ಇಷ್ಟು ಎಂದು ಕೇಳುವ ಹೆಂಗಸು ಇದ್ದಳು, ಇನ್ನೊಬ್ಬನ ಮನೆಯಲ್ಲಿ ಆ ಲಕ್ಕಮ್ಮ ಸತ್ತುಹೋಗಿದ್ದಳು.

ನಮ್ಮ ಮನಸ್ಸಿನ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಈ ಕಥೆಗಿಂತ ಪುರಂದರದಾಸರ ಪೂರ್ವಾಶ್ರಮದ ಐತಿಹ್ಯವೆಂದು ತೋರುತ್ತದೆ. ಮಹಾಲೋಭಿಯಾದ ಶ್ರೀನಿವಾಸ ನಾಯಕ, ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಇದ್ದದ್ದೆಲ್ಲವನ್ನೂ ತ್ಯಜಿಸಿ ಹೊರಟುಬಿಟ್ಟ. ಐತಿಹ್ಯದ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೂಡಿಟ್ಟದ್ದು ಒಂದೇ ದಿನದಲ್ಲಿ ಹೋಗಬಲ್ಲದು, ಹೋಗಬೇಕು ಎಂಬ ನಿರೀಕ್ಷೆಯನ್ನು ಅದು ನಮ್ಮಲ್ಲಿ ಬೇರೂರಿಸಿದೆ. ಅದಕ್ಕೆ ಸರಿಯಾಗಿ, ಮುಪ್ಪು ಎಂದರೆ ಬಿಡುವ ಕಾಲವೆಂಬ ವಾನಪ್ರಸ್ಥದ ಮಾತು ಬೇರೆ. ಬಿಡಬೇಕಾದ ವಯಸ್ಸಿನಲ್ಲಿ ಕೂಡಿಡುವವರನ್ನು ಕಂಡರೆ ನಮಗೆ ನಗುವಿನ ಜೊತೆಗೆ ಒಂದು ಬಗೆಯ ಕೋಪವೂ ಬರುತ್ತದೆ. ಟ್ರೇಲರು ತುಂಬಿಸಿದ ದಿನ ನನ್ನಲ್ಲಿ ಇದ್ದದ್ದು ಅದೇ ಕೋಪ. ಅವಳ ವೈರಾಗ್ಯವನ್ನು ಅವಳ ಪರವಾಗಿ ನಾನೇ ಮಾಡಿ ಮುಗಿಸಿದ್ದೆ.

ವೈದ್ಯರೂ ಹೆಸರಿಡುವಲ್ಲಿ ಎಡವಿದವರೇ. ೧೯೭೫ರಲ್ಲಿ ಇಂಗ್ಲೆಂಡಿನ ಮೂವರು ವೈದ್ಯರು ಕೊಳಕಾದ, ಸಾಮಾನು ತುಂಬಿದ ಮನೆಗಳಲ್ಲಿ ಒಂಟಿಯಾಗಿ ಬಾಳುತ್ತಿದ್ದ ಕೆಲವು ವೃದ್ಧರನ್ನು ಕುರಿತು ಬರೆದಾಗ, ಆ ಸ್ಥಿತಿಗೆ ಗ್ರೀಸಿನ ತತ್ತ್ವಜ್ಞಾನಿ ಡಯೋಜಿನಿಸನ ಹೆಸರಿಟ್ಟರು. ಅವನಾದರೋ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ ಹುಡುಗನನ್ನು ಕಂಡು, ತನ್ನಲ್ಲಿದ್ದ ಬಟ್ಟಲೂ ಹೆಚ್ಚಾಯಿತೆಂದು ಎಸೆದನೆಂದು ಕಥೆ. ಎಸೆದವನ ಹೆಸರು ಎಸೆಯಲಾರದವರಿಗೆ ಅಂಟಿಕೊಂಡಿತು. ಕನ್ನಡದಲ್ಲಿ ನಾವು ಇದನ್ನು 'ಗೀಳು' ಎನ್ನುತ್ತೇವೆ. ಮನೋವೈದ್ಯರು ಬಹುಕಾಲ ಹಾಗೆಯೇ ಎಣಿಸಿ, ಮತ್ತೆ ಮತ್ತೆ ಕೈ ತೊಳೆಯುವಂಥ ಬೇನೆಗಳ ಗುಂಪಿನೊಳಗೇ ಇದನ್ನು ಸೇರಿಸಿದ್ದರು. ೨೦೧೩ರಲ್ಲಿ ಅಮೆರಿಕದ ಮನೋವೈದ್ಯ ಸಂಘ ತನ್ನ ಕೈಪಿಡಿಯಲ್ಲಿ ಇದಕ್ಕೆ ಬೇರೆಯೇ ಸ್ಥಾನ ಕೊಟ್ಟಿತು. ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿಯೂ ಅದು ಬೇರೆಯಾಗಿಯೇ ಇದೆ. ಬೇರೆ ಮಾಡಲು ಕಾರಣವಿದೆ. ಕೈ ತೊಳೆಯುವವನಿಗೆ ತನ್ನ ಯೋಚನೆಯೇ ಹಿಂಸೆ. ಕೂಡಿಡುವವಳಿಗೆ ವಸ್ತು ಹತ್ತಿರವಿದ್ದರೆ ಸಮಾಧಾನ. ಹಿಂಸೆಯಾಗುವುದು ಅದು ಕೈಬಿಡುವಾಗ. ಬೆಲೆಯಿರಲಿ ಇಲ್ಲದಿರಲಿ ಬಿಡಲಾಗದಿರುವುದು, ಬಿಡುವಾಗ ಸಂಕಟವಾಗುವುದು, ಮನೆಯು ಮನೆಯಾಗಿ ಬಳಕೆಗೆ ಬಾರದಷ್ಟು ತುಂಬುವುದು, ಇವು ಲಕ್ಷಣಗಳು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರು ವಯಸ್ಕರಲ್ಲಿ ನೂರಕ್ಕೆ ಸುಮಾರು ಎರಡೂವರೆ ಮಂದಿಗೆ ಇದು ಇರುವುದಾಗಿ ಹೇಳುತ್ತಾರೆ. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿಯೇ ಮೊಳೆಯುತ್ತದೆ. ಮನೆಯಲ್ಲಿ ಬೇರೆಯವರು ಇರುವತನಕ ಹತೋಟಿಯಲ್ಲಿದ್ದು ಮುಪ್ಪಿನಲ್ಲಿ ಎದ್ದು ಕಾಣುತ್ತದೆ.

ಇಲ್ಲಿ ನಮ್ಮ ಸೀಮೆಯ ಒಂದು ಮಾತನ್ನು ಹೇಳಬೇಕು. ಕೂಡಿಡುವುದನ್ನು ರೋಗವೆನ್ನುವ ಮೊದಲು ಧಾರವಾಡ ಜಿಲ್ಲೆಯವರಾದ ನಾವು ಸ್ವಲ್ಪ ತಡೆಯಬೇಕಾಗುತ್ತದೆ; ನಾವು ಬದುಕಿ ಉಳಿದದ್ದೇ ಕೂಡಿಟ್ಟು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ೧೮೭೬-೭೮ರ ಬರದಂಥ ಬರಗಳನ್ನು ಕಂಡ ನೆಲ ಇದು. ಹಗೇವು ತೆಗೆದವರಿಗೆ ಗೊತ್ತು: ಕಲ್ಲು ಸರಿಸಿದ ಕೂಡಲೆ ಇಳಿಯಬಾರದು. ಒಳಗೆ ಕಟ್ಟಿದ ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕು, ದೀಪ ಇಳಿಬಿಟ್ಟು ನೋಡಬೇಕು. ಅವಸರ ಮಾಡಿದವರು ಉಸಿರುಗಟ್ಟಿ ಸತ್ತದ್ದುಂಟು.

ದುಮ್ಮವಾಡದ ಪಕ್ಕದಲ್ಲಿರುವ ನೀರಸಾಗರವೂ ಕೂಡಿಟ್ಟದ್ದೇ. ಬೇಡ್ತಿ ಹಳ್ಳಕ್ಕೆ ಅಡ್ಡಗಟ್ಟಿ ೧೯೫೦ರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೊಡಲು ಮಾಡಿದ ಜಲಾಶಯ ಅದು. ಅದರ ನೀರನ್ನು ನಂಬಿದ್ದ ನನ್ನ ಬಾಲ್ಯದ ಹುಬ್ಬಳ್ಳಿಯಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ಬಂದ ದಿನ ಹಂಡೆ, ಕೊಡ, ತಂಬಿಗೆ, ಕೊನೆಗೆ ಚಹಾದ ಕಪ್ಪುಗಳವರೆಗೆ ತುಂಬಿಡುತ್ತಿದ್ದೆವು. ಆಗ ನಮ್ಮನ್ನು ಯಾರೂ ವೈದ್ಯರಿಗೆ ತೋರಿಸಲಿಲ್ಲ. ನಳಕ್ಕೆ ದಿನವೂ ನೀರು ಬರುವ ಮನೆಗೆ ಹೋದ ಮೇಲೂ ಅಮ್ಮನಂಥವರು ಬಾಟಲಿ ತುಂಬಿಡುವುದನ್ನು ಬಿಡಲಿಲ್ಲ, ಅಷ್ಟೆ.

ಹಾಗಾದರೆ ಕೊರತೆಯೇ ಕಾರಣವೇ? ನನಗೂ ಹಾಗೆಯೇ ತೋರಿತ್ತು. ತರಗತಿಯಲ್ಲಿ ಹೇಳಲು ಚೆನ್ನಾಗಿಯೂ ಇತ್ತು. ಆದರೆ ೧೯೯೩ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರ‍್ಯಾಂಡಿ ಫ್ರಾಸ್ಟ್ ತಮ್ಮ ವಿದ್ಯಾರ್ಥಿನಿಯೊಬ್ಬಳ ಜೊತೆ ಕೂಡಿ ಇಂಥವರನ್ನು ವಿಚಾರಿಸಿದಾಗ, ಅವರು ಬಾಲ್ಯದಲ್ಲಿ ಬೇರೆಯವರಿಗಿಂತ ಹೆಚ್ಚಿನ ಬಡತನ ಕಂಡವರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಆಘಾತ, ಅಗಲಿಕೆಗಳ ಸಂಬಂಧವನ್ನು ಅನಂತರದ ಅಧ್ಯಯನಗಳು ತೋರಿಸಿವೆ. ಬರಗಾಲದ ವಾದ ಪೂರ್ತಿ ನಿಲ್ಲುವುದಿಲ್ಲ. ದುಮ್ಮವಾಡದಲ್ಲಿ ದೊಡ್ಡವ್ವನ ಓರಗೆಯವರೆಲ್ಲ ಅದೇ ಮಳೆ, ಅದೇ ಬರ ಕಂಡವರು. ಅವರೆಲ್ಲರ ಮನೆ ಹೀಗೆ ತುಂಬಲಿಲ್ಲ.

ಕೌದಿಯನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾದೀತು. ನಮ್ಮ ಕಡೆಯ ಮನೆಗಳಲ್ಲಿ ಹರಿದ ಸೀರೆ, ಧೋತರ, ಕುಬಸದ ತುಣುಕು ಯಾವುದನ್ನೂ ಎಸೆಯುತ್ತಿರಲಿಲ್ಲ. ಮಳೆಗಾಲದ ಬಿಡುವಿನಲ್ಲಿ ನಾಲ್ಕು ಹೆಂಗಸರು ಸುತ್ತ ಕೂತು, ತುಣುಕಿಗೆ ತುಣುಕು ಕೂಡಿಸಿ, ಹಾಡು ಹೇಳುತ್ತ ಕೌದಿ ಹೊಲಿಯುತ್ತಿದ್ದರು. ಕೂಡಿಡುವುದು ಆ ಕೆಲಸದ ಅರ್ಧ, ಹೊಲಿಯುವುದು ಉಳಿದರ್ಧ. ಕಣ್ಣಿಗೆ ಪೊರೆ ಬಂದು, ಬೆರಳು ಸೊಟ್ಟಗಾಗಿ, ಜೊತೆಗೆ ಕೂರುವ ಮೂವರು ಒಬ್ಬೊಬ್ಬರಾಗಿ ಹೋದ ಮೇಲೆ ಎರಡನೆಯ ಅರ್ಧ ನಿಂತಿತು. ಮೊದಲನೆಯ ಅರ್ಧ ನಡೆಯುತ್ತಲೇ ಉಳಿಯಿತು. ಹಿಂದಿನ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಮುಂದಿನ ಒಂದು ಜನ್ಮ ಗೊತ್ತಿತ್ತು: ಸೀರೆ ಕೌದಿಯಾಗುವುದು, ಕೌದಿ ಒರೆಸುವ ಅರಿವೆಯಾಗುವುದು, ಕೊನೆಗೆ ಒಲೆಗೆ ಹೋಗುವುದು. ಹಾಲಿನ ಪಾಕೀಟಿಗೆ ಅಂಥ ಜನ್ಮವಿಲ್ಲ. ಇಡುವ ಕೈಗೆ ಅದು ತಿಳಿಯಬೇಕಲ್ಲ!

ಇಷ್ಟಕ್ಕೂ ಎಸೆಯದವರನ್ನು ನೋಡಿ ನಗುವ ಅಧಿಕಾರ ಕನ್ನಡ ಅಧ್ಯಾಪಕನಿಗೆ ಎಷ್ಟಿದೆ? ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಯ ಕಟ್ಟುಗಳನ್ನು ಹುಡುಕಿ ತಂದದ್ದರಿಂದಲ್ಲವೇ ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು? ಆ ಕಟ್ಟುಗಳಲ್ಲಿ ಏನು ಬರೆದಿದೆಯೆಂದು ಓದಲು ಬಾರದ ಎಷ್ಟೋ ಮಂದಿ ಅವನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಅವರ ಮನೆಗೆ ನನ್ನಂಥ ಒಬ್ಬ ಜಾಣ ಸೋದರಳಿಯ ಟ್ರ್ಯಾಕ್ಟರು ತಂದಿದ್ದರೆ ಲಕ್ಕಮ್ಮನ ಮಾತು ನಮಗೆ ಉಳಿಯುತ್ತಿರಲಿಲ್ಲ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳೆಯ ಮನೆಬಳಕೆಯ ಸಾಮಾನುಗಳನ್ನು ನಾವು ಟಿಕೀಟು ಕೊಂಡು ನೋಡುತ್ತೇವೆ. ದೊಡ್ಡಪ್ಪ ಭತ್ತ ಅಳೆಯುತ್ತಿದ್ದ ಹಿತ್ತಾಳೆಯ ಸೇರನ್ನು ನಾವು ಗುಜರಿಗೆ ಕೊಟ್ಟೆವು. ಸಂಗ್ರಹಕ್ಕೂ ರಾಶಿಗೂ ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ಸಂಗ್ರಹಕಾರ ಆರಿಸುತ್ತಾನೆ, ಹೊಂದಿಸುತ್ತಾನೆ, ಬಂದವರಿಗೆ ತೋರಿಸಿ ಹಿಗ್ಗುತ್ತಾನೆ. ರಾಶಿ ಹಾಕಿದವರು ಬಂದವರನ್ನು ಕಟ್ಟೆಯ ಮೇಲೆ ಕೂರಿಸುತ್ತಾರೆ.

ರಾಶಿಯ ಭಯಂಕರ ರೂಪವನ್ನೂ ಮರೆಮಾಚಬಾರದು. ನ್ಯೂಯಾರ್ಕಿನ ಕಾಲಿಯರ್ ಸಹೋದರರ ಕಥೆ ಪ್ರಸಿದ್ಧವಾದದ್ದು. ಅಣ್ಣ ಹೋಮರ್ ಕುರುಡನಾದ. ಅವನಿಗೆ ಕಣ್ಣು ಬಂದ ದಿನ ಓದಲು ಬೇಕೆಂದು ತಮ್ಮ ಲ್ಯಾಂಗ್ಲಿ ವರ್ಷಗಟ್ಟಲೆ ವೃತ್ತಪತ್ರಿಕೆಗಳನ್ನು ಕೂಡಿಟ್ಟ. ೧೯೪೭ರ ಮಾರ್ಚಿಯಲ್ಲಿ ಅಣ್ಣನಿಗೆ ಊಟ ಒಯ್ಯುವಾಗ ರಾಶಿ ಮೈಮೇಲೆ ಕುಸಿದು ತಮ್ಮ ಸತ್ತ. ಊಟ ಕಾಣದೆ ಅಣ್ಣ ಸತ್ತ. ಮನೆಯಿಂದ ನೂರು ಟನ್ನಿಗೂ ಮಿಕ್ಕಿ ಸಾಮಾನು ತೆಗೆದರು. ಲ್ಯಾಂಗ್ಲಿಯ ಹೆಣ ಸಿಗಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ಅದು ಅಣ್ಣನಿಂದ ಹತ್ತಡಿಯಷ್ಟು ದೂರದಲ್ಲಿಯೇ ಇತ್ತು. ಕಾದಂಬರಿಕಾರ ಡಾಕ್ಟರೋ ೨೦೦೯ರಲ್ಲಿ ಇವರನ್ನು ಕುರಿತು ಒಂದು ಕಾದಂಬರಿಯನ್ನೇ ಬರೆದ. ಪತ್ರಿಕೆ ಕೂಡಿಟ್ಟದ್ದರಲ್ಲಿ ಇದ್ದ ಪ್ರೀತಿ, ಅದೇ ಪತ್ರಿಕೆ ಕೊಂದದ್ದರಲ್ಲಿ ಇದ್ದ ಅಪಾಯ, ಎರಡೂ ನಿಜ. ದೊಡ್ಡವ್ವನೂ ಬಿದ್ದಳು. ಆರು ವರ್ಷದ ಹಿಂದೆ ರಾತ್ರಿ ಬಚ್ಚಲಿಗೆ ಹೋಗುವಾಗ ಡಬ್ಬಿಗಳಿಗೆ ಎಡವಿ ಕೈ ಮುರಿದುಕೊಂಡಳು. ಬಾಗಿಲು ತೆರೆದದ್ದು ಆಗಲೇ.

ಈ ಸಲ ಒಳಗೆ ಹೋದವಳು ಅವಳ ಮೊ‌ಮ್ಮಗಳು. ಧಾರವಾಡದಲ್ಲಿ ಓದುತ್ತಿದ್ದವಳು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದಳು. ಅವಳು ಏನನ್ನೂ ಎಸೆಯುವ ಮಾತೆತ್ತಲಿಲ್ಲ. ಮಂಚದಿಂದ ಬಚ್ಚಲಿನವರೆಗೆ ಒಂದು ಮೊಳ ದಾರಿ, ಒಲೆಯ ಸುತ್ತ ಒಂದು ಮೊಳ ಜಾಗ, ಇಷ್ಟು ಬೇಕು ಎಂದಳಂತೆ. ಅದನ್ನು ಬಿಡಿಸಲು ಒಂದು ತಿಂಗಳಾಯಿತು. ಆಮೇಲೆ ವಾರಕ್ಕೆ ಒಂದು ಡಬ್ಬಿ. ಒಂದೊಂದನ್ನೇ ಎತ್ತಿ, "ಅಮ್ಮಾ, ಇದು ಯಾರದ?" ಎಂದು ಕೇಳುವುದು, ದೊಡ್ಡವ್ವ ಹೇಳುವುದು, ಇಡುವುದೋ, ಕೊಡುವುದೋ, ಹೊರಗೆ ಹಾಕುವುದೋ ಅವಳೇ ತೀರ್ಮಾನಿಸುವುದು. ಒಂದು ಶನಿವಾರ ಮೂರು ಗಂಟೆ ಕೂತು ಎರಡು ಬಾಟಲಿ ಮಾತ್ರ ಹೊರಗೆ ಹೋದದ್ದನ್ನು ನಾನು ಕಟ್ಟೆಯ ಮೇಲಿನಿಂದ ನೋಡಿದ್ದೇನೆ. ನನಗೆ ತಾಳ್ಮೆ ತಪ್ಪಿತು, ಹುಡುಗಿಗೆ ತಪ್ಪಲಿಲ್ಲ.

ಅವಳು ಕೇಳುವುದನ್ನು ನೋಡಿ ನನಗೆ ನೆನಪಾದದ್ದು ಕಾರಂತರ 'ಮೂಕಜ್ಜಿಯ ಕನಸುಗಳು' (೧೯೬೮). ಊರವರು ಮರುಳೆಂದು ತಿಳಿದ ಅಜ್ಜಿಯ ಕೈಗೆ ಮೊಮ್ಮಗ ಸುಬ್ರಾಯ ಗವಿಯಲ್ಲಿ ಸಿಕ್ಕ ಚೂರುಪಾರುಗಳನ್ನು ತಂದು ಕೊಡುತ್ತಾನೆ. ಮುಟ್ಟಿದೊಡನೆ ಅವಳಿಗೆ ಹಿಂದಿನದು ಕಾಣುತ್ತದೆ. ಈ ಕಾದಂಬರಿಯನ್ನು ದೇವರು, ಧರ್ಮ, ಕಾಮಗಳ ಚರ್ಚೆಯೆಂದು ನಾವು ಸಾಕಷ್ಟು ಓದಿದ್ದೇವೆ. ವಸ್ತು ಮತ್ತು ಮುಪ್ಪಿನ ಸಂಬಂಧದ ಕಾದಂಬರಿಯೆಂದೂ ಓದಬಹುದು. ಮೂಕಜ್ಜಿ ಮುಟ್ಟುತ್ತಾಳೆ, ಕಾಣುತ್ತಾಳೆ, ಹೇಳುತ್ತಾಳೆ. ಹೇಳಿ ಮುಗಿದ ಮೇಲೆ ಆ ಚೂರನ್ನು ಅವಳು ಸೆರಗಿನಲ್ಲಿ ಕಟ್ಟಿಕೊಳ್ಳಬೇಕಾಗಿಲ್ಲ. ಕೇಳುವವನೊಬ್ಬ ಎದುರಿಗೆ ಇದ್ದಾನಲ್ಲ! ಸುಬ್ರಾಯ ಇಲ್ಲದ ಮೂಕಜ್ಜಿ ಏನಾಗುತ್ತಿದ್ದಳು ಎಂದು ಕಾರಂತರು ಬರೆಯಲಿಲ್ಲ. ಅದು ಬೇರೆ ಕಾದಂಬರಿ. ಕನ್ನಡದಲ್ಲಿ ಯಾರಾದರೂ ಬರೆಯಬೇಕಾಗಿದೆ. ಇಂದಿನ ನಮ್ಮ ನಗರಗಳ ಬಾಗಿಲು ಹಾಕಿದ ಎಷ್ಟೋ ಮನೆಗಳಲ್ಲಿ ಅದರ ವಸ್ತು ಸಿದ್ಧವಾಗಿ ಕೂತಿದೆ.

ಆ ಹುಡುಗಿ ಪುಸ್ತಕ ನೋಡಿ ಹಾಗೆ ಮಾಡಿದಳೆಂದು ನಾನು ತಿಳಿದಿಲ್ಲ. ಆದರೆ ಮನೋವೈದ್ಯರು ಹೇಳುವುದೂ ಬಹುಮಟ್ಟಿಗೆ ಅದನ್ನೇ. ಹೇಳದೆ ಕೇಳದೆ ಬರಿದು ಮಾಡಿದ ಮನೆ ಮತ್ತೆ ತುಂಬುತ್ತದೆ. ಜೊತೆಗೆ ನಂಬಿಕೆಯೂ ಹೋಗುತ್ತದೆ. ಇದಕ್ಕೆಂದೇ ಖಾತರಿಯಾದ ಮಾತ್ರೆಯಿಲ್ಲ. ತಿಂಗಳುಗಟ್ಟಲೆ ನಡೆಯುವ ಮಾತಿನ ಚಿಕಿತ್ಸೆಯಿದೆ. ವಿಂಗಡಿಸುವುದನ್ನು, ತೀರ್ಮಾನಿಸುವುದನ್ನು, ಬಿಟ್ಟ ಮೇಲಿನ ಸಂಕಟವನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುವುದನ್ನು ಅದರಲ್ಲಿ ಅಭ್ಯಾಸ ಮಾಡಿಸುತ್ತಾರೆ. ಮೊದಲೆಂದೂ ಹೀಗಿರದಿದ್ದವರು ಮುಪ್ಪಿನಲ್ಲಿ ಒಮ್ಮೆಲೇ ಕಂಡದ್ದನ್ನೆಲ್ಲ ಕೂಡಿಡತೊಡಗಿದರೆ, ಇಟ್ಟದ್ದೆಲ್ಲಿ ಎಂಬುದನ್ನೇ ಮರೆತರೆ, ಅದು ನೆನಪಿನ ರೋಗದ ಮುನ್ಸೂಚನೆಯಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಧಾರವಾಡದಲ್ಲಿ ೧೮೪೫ರಷ್ಟು ಹಿಂದೆಯೇ ಆರಂಭವಾದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನಿಂದ ದೊಡ್ಡ ಸಂಸ್ಥೆಯಾಗಿದೆ. ಹೆಸರು ಕೇಳಿದೊಡನೆ ನಮ್ಮವರು ಬೆಚ್ಚುತ್ತಾರೆ, ಬೆಚ್ಚಬೇಕಾಗಿಲ್ಲ. ಮನೆಯಿಂದಲೇ ಮಾತನಾಡುವುದಾದರೆ ಸರಕಾರದ ಟೆಲಿಮಾನಸ್ ೧೪೪೧೬, ಹಿರಿಯ ನಾಗರಿಕರ ಸಹಾಯವಾಣಿ ೧೪೫೬೭ ಇವೆ. ವಿಮರ್ಶೆಯ ಲೇಖನದಲ್ಲಿ ದೂರವಾಣಿಯ ಅಂಕಿ ಕೊಡುವುದು ಸಂಪ್ರದಾಯವಲ್ಲವೆಂದು ಬಲ್ಲೆ. ಹನ್ನೊಂದು ವರ್ಷದ ಹಿಂದೆ ಯಾರಾದರೂ ಸಂಪ್ರದಾಯ ಮುರಿದು ನನಗೆ ಇಷ್ಟನ್ನು ಹೇಳಿದ್ದರೆ ಚೆನ್ನಾಗಿತ್ತು.

ಸುಟ್ಟ ಗಂಟಿನ ವಿಷಯ ತಿಳಿದದ್ದೂ ಆ ಹುಡುಗಿಯಿಂದಲೇ. ಅದರಲ್ಲಿ ಇದ್ದದ್ದು ಕೌದಿಗೆಂದು ಕತ್ತರಿಸಿಟ್ಟ ತುಣುಕುಗಳು: ದೊಡ್ಡಪ್ಪನ ಧೋತರದ ಅಂಚು, ಅತ್ತೆಯ ಸೀರೆ, ನಾವು ಚಿಕ್ಕವರಿದ್ದಾಗ ಅಲ್ಲಿ ಬಿಟ್ಟುಬಂದ ಅಂಗಿಗಳು, ಮತ್ತೆ ಒಂದು ಹಸಿರು ಲಂಗ. ಆ ಲಂಗ ಐದು ವರ್ಷಕ್ಕೇ ತೀರಿಕೊಂಡ ಅವಳ ಮೊದಲ ಮಗಳದು. ಅಂಥ ಒಬ್ಬಳು ಮಗಳು ಇದ್ದಳೆಂಬುದೇ ನನಗೆ ತಿಳಿದಿರಲಿಲ್ಲ. ದೊಡ್ಡವ್ವ ಈ ಮಾತನ್ನು ನನಗೆ ಹೇಳಿಲ್ಲ. ನಾನೂ ಗೊತ್ತಿಲ್ಲದವನಂತೆಯೇ ಇದ್ದೇನೆ.

ಈಗ ಅವಳಿಗೆ ಎಂಬತ್ತನಾಲ್ಕು. ಪಡಸಾಲೆ ಬಹುಮಟ್ಟಿಗೆ ತೆರವಾಗಿದೆ; ಹೋದವರು ಒಳಗೆ ಕೂತು ಚಹಾ ಕುಡಿಯಬಹುದು. ಹಾಲಿನ ಪಾಕೀಟುಗಳು ಹೋದವು, ಪಂಚಾಂಗಗಳು ಉಳಿದವು. ನಡುಕೋಣೆಯಲ್ಲಿ ಒಂದಾಳು ನಡೆಯುವ ದಾರಿಯಿದೆ. ಹಿತ್ತಲ ಕಡೆಯ ಕೋಣೆಗೆ ಮಾತ್ರ ಇಂದಿಗೂ ಕೀಲಿ ಹಾಕಿದೆ. ಅದರೊಳಗೆ ಏನಿದೆಯೆಂದು ಯಾರೂ ಕೇಳುತ್ತಿಲ್ಲ. ಕೀಲಿಕೈ ಅವಳ ಸೊಂಟದಲ್ಲಿದೆ.